ರಿಂಗಿನಿಂದ ಕಾಣೆಯಾದ ಬೆಳ್ಳಿ ಗದೆ

ಇದನ್ನು ಹೇಳಹೊರಟಿರುವುದಕ್ಕೆ ಮೊದಲಿಗೇ ಕ್ಷಮೆ ಇರಲಿ. ಪೊಲೀಸರ ಕೆಲಸವನ್ನು ಒಳಗಿನಿಂದ ಕಂಡವರು ಬೇರೆ ಇದ್ದಾರೆ, ಕುಸ್ತಿಯನ್ನು ಬಲ್ಲವರು ಬೇರೆ ಇದ್ದಾರೆ. ಇನ್ನೂ ಬದುಕಿರುವ ಮುದುಕನೊಬ್ಬನ ಸೋಲು ಗೆಲುವಿನ ಮಾತನ್ನು ಅವನನ್ನು ಕೇಳದೆ ಆಡುವುದು ಸರಿಯೇ ಎಂಬ ಅಳುಕೂ ಉಂಟು. ಆದರೆ ಕೇಳಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಆಸ್ಟ್ರೇಲಿಯಾದ ಪೊಲೀಸರು ಎಫ್‌ಐಆರ್, ಪಂಚನಾಮೆ ಎಂಬ ಮಾತುಗಳನ್ನು ಬಳಸುವುದಿಲ್ಲ. ಅವರ ಕಾಗದಗಳಿಗೆ ಬೇರೆ ಹೆಸರುಗಳಿವೆ. ಓದುವವರಿಗೆ ಸುಲಭವಾಗಲೆಂದು ಇಲ್ಲಿ ನಮ್ಮ ಹೆಸರುಗಳನ್ನೇ ಉಳಿಸಿಕೊಂಡಿದೆ. ತಪ್ಪಿದ್ದಲ್ಲಿ ತಿದ್ದಿಕೊಂಡು ಓದಬೇಕು.

೨೦೨೫ರ ಮಾರ್ಚ್ ೧೧, ಮಂಗಳವಾರ. ಬೆಳಿಗ್ಗೆ ಒಂಬತ್ತೂವರೆಗೆ ಪಶ್ಚಿಮ ಸಿಡ್ನಿಯ ಠಾಣೆಯೊಂದಕ್ಕೆ ಟೆರೆನ್ಸ್ ಹ್ಯಾರಿಸ್ ಎಂಬ ಎಪ್ಪತ್ತು ದಾಟಿದ ಮನುಷ್ಯ ಬಂದು ದೂರು ಕೊಟ್ಟ. ಎಂಬತ್ತರ ದಶಕದಲ್ಲಿ ಸಿಡ್ನಿ, ಮೆಲ್ಬರ್ನ್‌ಗಳ ಹಾಲ್‌ಗಳಲ್ಲಿ ಟಿಕೆಟ್ ಇಟ್ಟು ಕುಸ್ತಿ ಆಡಿಸುತ್ತಿದ್ದ ‘ಸದರ್ನ್ ಕ್ರೌನ್ ರೆಸ್ಲಿಂಗ್’ ಎಂಬ ಕಂಪನಿ ಅವನದು. ಆಗ ಇಂಥ ಸಣ್ಣ ಕಂಪನಿಗಳು ಹಲವಿದ್ದವು. ಒಂದೊಂದಕ್ಕೂ ಒಬ್ಬ ಚಾಂಪಿಯನ್, ಚಿನ್ನದ ಬಣ್ಣದ ಒಂದು ಬೆಲ್ಟ್. ಯಾರು ಗೆಲ್ಲಬೇಕು, ಯಾರು ಬೀಳಬೇಕು ಎಂಬುದನ್ನು ಕಂಪನಿಯ ಯಜಮಾನನೇ ಮೊದಲು ಗೊತ್ತು ಮಾಡುತ್ತಿದ್ದ. ಜನ ಅದನ್ನು ನಿಜವೆಂದು ನಂಬಿ ಕೂಗುತ್ತಿದ್ದರು, ಅಥವಾ ನಂಬಿದಂತೆ ಕೂಗುತ್ತಿದ್ದರು. ಕಂಪನಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಈಗ ಅದರ ನೆನಪಿಗೆಂದು ಹ್ಯಾರಿಸ್ ಟೂಂಗಾಬಿಯ ಹಳೆಯ ಹಾಲೊಂದರಲ್ಲಿ ಪ್ರದರ್ಶನ ಇಟ್ಟಿದ್ದ. ಅಂದಿನ ರಿಂಗನ್ನೇ ತಂದು ಜೋಡಿಸಿ, ಅದರ ನಟ್ಟನಡುವೆ ಬೆಲ್ಟನ್ನೂ ಒಂದು ಗದೆಯನ್ನೂ ನಿಲ್ಲಿಸಿದ್ದ. ಸೋಮವಾರ ಹಾಲ್‌ಗೆ ರಜೆ. ಮಂಗಳವಾರ ಬಾಗಿಲು ತೆರೆದಾಗ ಗದೆ ಇರಲಿಲ್ಲ.

ಎಫ್‌ಐಆರ್ ದಾಖಲಾದ ಮೇಲೆ ತನಿಖೆ ಡಿಟೆಕ್ಟಿವ್ ಸಾರ್ಜೆಂಟ್ ಭಾಗೀರಥಿಯ ಪಾಲಿಗೆ ಬಂತು. ಮೈಸೂರಿನ ನಜರ್‌ಬಾದಿನಲ್ಲಿ ಹುಟ್ಟಿ, ಶಾಲೆಯ ದಿನಗಳಲ್ಲೇ ಅಪ್ಪ ಅಮ್ಮನ ಜೊತೆ ಸಿಡ್ನಿಗೆ ಬಂದವಳು. ಈಗ ಕೆಲ್ಲಿವಿಲ್‌ನಲ್ಲಿ ಮನೆ. ಜೊತೆಗೆ ಹೊರಟವನು ಕಾನ್‌ಸ್ಟೇಬಲ್ ಓಲ್ವಿನ್, ಮಂಗಳೂರು ಕಡೆಯವನು. ಠಾಣೆಯಲ್ಲಿ ಇಬ್ಬರೂ ಇಂಗ್ಲಿಷಿನವರು, ಕಾರಿನ ಬಾಗಿಲು ಮುಚ್ಚಿದರೆ ಕನ್ನಡದವರು.

“ಎಂತ ಕಳ್ಳ ಮಾರಾಯ್ರೆ ಇವ?” ಎಂದ ಓಲ್ವಿನ್, ಹಾಲ್ ತಲುಪಿ ರಿಂಗನ್ನು ನೋಡಿದೊಡನೆ. “ಚಿನ್ನದ ಬೆಲ್ಟ್ ಅಲ್ಲೇ ಬಿದ್ದುಕೊಂಡುಂಟು. ಗದೆ ಮಾತ್ರ ತಗೊಂಡು ಹೋಗಿದ್ದಾನೆ. ಹನುಮಂತನ ಭಕ್ತನಾ ಮೇಡಮ್?”

“ಮೇಡಮ್ ಅನ್ಬೇಡ ಅಂತ ಎಷ್ಟು ಸಲ ಹೇಳ್ಲಿ? ನಾವೇನು ಊರಲ್ಲಿದೀವಾ?”

“ಸಾರ್ಜ್ ಅಂತ ಕನ್ನಡದಲ್ಲಿ ಹೇಳ್ಲಿಕ್ಕೆ ಬಾಯಿ ಬರೋದಿಲ್ಲ ಮೇಡಮ್.”

ಪಂಚನಾಮೆ ಹನ್ನೊಂದಕ್ಕೆ ಶುರುವಾಯಿತು. ರಿಂಗ್ ಎಂದರೆ ಎದೆಯೆತ್ತರದ ಕಟ್ಟೆ, ಸುತ್ತ ಹಗ್ಗ, ಮೇಲೆ ಬಿಗಿದ ಕ್ಯಾನ್‌ವಾಸು. ಆ ಕ್ಯಾನ್‌ವಾಸಿನ ಮೇಲಿನ ದೂಳನ್ನು ಹ್ಯಾರಿಸ್ ಬೇಕೆಂದೇ ಒರೆಸಿರಲಿಲ್ಲ. ಗದೆ ನಿಲ್ಲಿಸಿ ಇಳಿಯುವಾಗ ತನ್ನ ಹೆಜ್ಜೆಗಳ ಮೇಲೂ ದೂಳು ಎರಚಿ ಮುಚ್ಚಿ, ‘ಇದು ಎಂಬತ್ತರ ದಶಕದ ದೂಳು’ ಎಂದು ಹಗ್ಗಕ್ಕೆ ಒಂದು ಚೀಟಿ ತೂಗುಹಾಕಿದ್ದ. ಬೆಕ್ಕು ನಡೆದರೂ ಗುರುತು ಬೀಳುವಷ್ಟು ದೂಳು. ಅದರಲ್ಲಿ ಒಂದೇ ಒಂದು ಹೆಜ್ಜೆಯ ಗುರುತಿರಲಿಲ್ಲ. ನಡುವಿನಿಂದ ಅಂಚಿನವರೆಗೆ ಭಾರದ ವಸ್ತುವನ್ನು ಎಳೆದ ಒಂದು ಪಟ್ಟೆ ಮಾತ್ರ ಇತ್ತು. ರಿಂಗಿನ ಪಕ್ಕದಲ್ಲಿ, ಹಾಲಿನ ಎತ್ತರದ ಕಿಟಕಿಗಳನ್ನು ತೆರೆಯಲು ಬಳಸುವ ಕೊಕ್ಕೆಯ ಉದ್ದ ಕೋಲು ಬಿದ್ದಿತ್ತು. ಕೊಕ್ಕೆಯಲ್ಲಿ ಅದೇ ದೂಳು. ಬೀಗ ಒಡೆದಿರಲಿಲ್ಲ. ತುರ್ತು ಬಾಗಿಲನ್ನು ಒಳಗಿನಿಂದ ತಳ್ಳಿ ಹೊರಗೆ ಹೋಗಿದ್ದರು.

“ಅಂದರೆ ಭಾನುವಾರ ನೋಡೋಕೆ ಬಂದವನೇ ಒಳಗೆ ಉಳ್ಕೊಂಡಿದಾನೆ” ಎಂದಳು ಭಾಗೀರಥಿ. “ಮೂರು ಹೆಜ್ಜೆ ಹತ್ತಿದ್ರೆ ಕೈಗೆ ಸಿಗ್ತಿತ್ತು. ಹತ್ತಿಲ್ಲ. ಕೋಲು ಹುಡುಕಿ, ಕೊಕ್ಕೆ ಹಾಕಿ, ಎಳ್ದು... ಯಾಕೆ?”

“ಮೊಣಕಾಲು ಹೋದವ ಇರ್ಬೇಕು. ನನ್ನ ಅಪ್ಪ ಸಹ ಹಾಗೇ, ಚರ್ಚಿನ ಮೆಟ್ಟಿಲು ಕಂಡ್ರೆ ಹೊರಗಿನಿಂದಲೇ ಶಿಲುಬೆಯ ಗುರುತು ಹಾಕ್ತಾರೆ.”

ಮಾತು ಸರಿಯೆನಿಸಿತು. ಭಾಗೀರಥಿ ಅದನ್ನು ಬರೆದುಕೊಂಡು, ಗದೆಯ ಬಗ್ಗೆ ಗೋಡೆಗೆ ಅಂಟಿಸಿದ್ದ ವಿವರದ ಹಲಗೆಯ ಮುಂದೆ ನಿಂತಳು. ಪೇಟ ಸುತ್ತಿದ, ಕಣ್ಣಿಗೆ ಕಪ್ಪು ಬಳಿದ ಒಬ್ಬ ಗಟ್ಟಿ ಮೈಯ ಯುವಕನ ಚಿತ್ರ. ಕೆಳಗೆ ಹೀಗಿತ್ತು: ‘ಮಹಾರಾಜಾ ಟೈಗರ್. ಮೆಲ್ಬರ್ನ್ ಬೀದಿಯಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದವನನ್ನು ಹಿಡಿದು ತಂದು ಪೇಟ ತೊಡಿಸಿದೆವು. ಕುಸ್ತಿಯ ಗಂಧವೇ ಇರಲಿಲ್ಲ. ನೂರಾರು ಪಂದ್ಯಗಳಲ್ಲಿ ಒಂದನ್ನೂ ಗೆಲ್ಲದ ಮಹಾಶೂರ! ಅವನ ಆಟಿಕೆಯ ಗದೆಯ ಮೇಲೆ ಹಿಂದೂ ಶಾಪವೊಂದನ್ನು ಕೆತ್ತಲಾಗಿದೆ.’

ಪಕ್ಕದಲ್ಲಿ ಆ ಕೆತ್ತನೆಯ ದೊಡ್ಡ ಚಿತ್ರವಿತ್ತು. ಭಾಗೀರಥಿ ಓದಿದಳು. ಮತ್ತೊಮ್ಮೆ ಓದಿದಳು. ಶಾಪವೂ ಅಲ್ಲ, ಮಂತ್ರವೂ ಅಲ್ಲ. ಸ್ವಚ್ಛ ಕನ್ನಡ. ‘ಮೈಸೂರು ದಸರಾ ಕುಸ್ತಿ, ೧೯೮೧. ಪ್ರಥಮ. ಪೈಲ್ವಾನ್ ವೀರೇಂದ್ರ.’

ಹ್ಯಾರಿಸ್‌ನನ್ನು ಕರೆದು ಕೂರಿಸಿ ಹೇಳಿಕೆ ತೆಗೆದುಕೊಂಡಳು. ಮಾತು ಇಂಗ್ಲಿಷಿನಲ್ಲಿ ನಡೆಯಿತು.

“ದೂರಿನಲ್ಲಿ ‘ಐತಿಹಾಸಿಕ ಬೆಳ್ಳಿ ಗದೆ’ ಅಂತ ಬರೆಸಿದ್ದೀರಿ. ಹಲಗೆಯ ಮೇಲೆ ‘ಆಟಿಕೆ’ ಅಂತಿದೆ. ಯಾವುದು ನಿಜ?”

“ಹಲಗೆ ಪ್ರೇಕ್ಷಕರಿಗೆ. ದೂರು ನಿಮಗೆ.”

“ಈತ ಟ್ಯಾಕ್ಸಿಯವನಾಗಿದ್ದನೆ?”

“ಆಮೇಲೆ ಆದ. ಮೊದಲೋ ಆಮೇಲೋ, ಕತೆಗೆ ಯಾವುದು ಚೆನ್ನಾಗಿ ಕೂರುತ್ತೋ ಅದು. ಡಿಟೆಕ್ಟಿವ್, ಇದು ಮನರಂಜನೆ.”

“ಈತನನ್ನು ಎಲ್ಲಿಂದ ಕರೆತಂದಿರಿ?”

“ಸಿಂಗಪುರದ ಒಂದು ಪಂದ್ಯದಿಂದ. ಎಂಬತ್ತಮೂರನೇ ಇಸವಿ. ನಿಜ ಹೇಳಬೇಕೆಂದರೆ ನನ್ನ ಕೈಕೆಳಗೆ ಅವನಷ್ಟು ಚೆನ್ನಾಗಿ ಸೋಲುವವನು ಇನ್ನೊಬ್ಬ ಇರಲಿಲ್ಲ. ಎದುರಾಳಿಗೆ ಒಂದು ಗೀರು ಬೀಳದ ಹಾಗೆ ಬೀಳುತ್ತಿದ್ದ. ಅದಕ್ಕೂ ವಿದ್ಯೆ ಬೇಕು.”

“ವಿದ್ಯೆ ಇತ್ತು ಅಂತ ಒಪ್ಪುತ್ತೀರಿ. ಹಲಗೆಯಲ್ಲಿ ಇರಲಿಲ್ಲ ಅಂತ ಬರೆದಿದ್ದೀರಿ.”

ಹ್ಯಾರಿಸ್ ನಕ್ಕ. “ಅವನನ್ನು ಹುಡುಕುವುದು ಬಿಟ್ಟು ಗದೆಯನ್ನು ಹುಡುಕಿ. ಶನಿವಾರ ನಮ್ಮ ನೆನಪಿನ ಶೋ ಇದೆ. ಕಾಮಿಡಿ ಮಾಡುವವನೊಬ್ಬ ಪೇಟ ಕಟ್ಟಿಕೊಂಡು ಬರುತ್ತಾನೆ, ಅದೇ ಗದೆಯಿಂದ ಅವನಿಗೆ ನಾಲ್ಕು ಬಾರಿಸುತ್ತೇವೆ. ಜನ ಬಿದ್ದು ಬಿದ್ದು ನಗುತ್ತಾರೆ.”

ಹೇಳಿಕೆಗೆ ಅವನ ಸಹಿ ಹಾಕಿಸಿಕೊಂಡು ಭಾಗೀರಥಿ ಹೊರಗೆ ಬಂದು ಕಾರಿನ ಬಾಗಿಲನ್ನು ಬೇಕಾದದ್ದಕ್ಕಿಂತ ಜೋರಾಗಿ ಹಾಕಿದಳು.

ಮಧ್ಯಾಹ್ನ ಹಾಲಿನ ಹೊರಬಾಗಿಲ ಕ್ಯಾಮೆರಾದ ಭಾನುವಾರದ ಚಿತ್ರಗಳನ್ನು ಓಲ್ವಿನ್ ತೆರೆದ. ಬಂದವರು ಬಹಳ ಜನ; ಮುದುಕರು, ಮಕ್ಕಳನ್ನು ಕರೆತಂದ ಸಂಸಾರಗಳು, ಸುಮ್ಮನೆ ಇಣುಕಿ ಹೋದವರು.

“ಎಲ್ಲರನ್ನೂ ನೋಡ್ಲಿಕ್ಕೆ ಕೂತ್ರೆ ನಾಳೆ ಆಗ್ತದೆ.”

“ಹೆಂಗಸರನ್ನ ಬಿಡು. ಗಂಡಸರನ್ನ ಮಾತ್ರ ಟಿಕ್ ಮಾಡು. ಒಳಗೆ ಹೋದೋನು ಹೊರಗೆ ಬಂದ್ನಾ, ಅಷ್ಟೇ.”

ಒಳಗೆ ಹೋದ ಗಂಡಸರೆಲ್ಲ ಹೊರಗೆ ಬಂದಿದ್ದರು. ಒಬ್ಬನೂ ಬಾಕಿ ಇರಲಿಲ್ಲ. ಹಾಗಾದರೆ ಹೊರಗೆ ಹೋದವರಲ್ಲೇ ಯಾರೋ ತುರ್ತು ಬಾಗಿಲಿನಿಂದ ಮತ್ತೆ ಒಳಗೆ ಬಂದಿರಬೇಕು ಎಂದು ಇಬ್ಬರೂ ತೀರ್ಮಾನಿಸಿದರು. ಅದು ತಪ್ಪು ತೀರ್ಮಾನ. ತಪ್ಪು ಮಾಡುವಾಗ ಅದು ತಪ್ಪಿನ ಹಾಗೆ ಕಾಣುವುದೇ ಇಲ್ಲ.

ವೀರೇಂದ್ರ ಎಂಬ ಹೆಸರು ಹಿಡಿದು ಭಾಗೀರಥಿ ಸತ್ಯನಾರಾಯಣ ಅಂಕಲ್‌ಗೆ ಫೋನ್ ಮಾಡಿದಳು. ಸಿಡ್ನಿಯ ಕನ್ನಡದವರಲ್ಲಿ ಯಾರ ಮನೆಯ ಗೃಹಪ್ರವೇಶಕ್ಕೆ ಯಾರು ಬಂದಿದ್ದರು ಎಂಬುದನ್ನು ಕೇಳಿದರೆ ತಡವರಿಸದೆ ಹೇಳುವ ಹಿರಿಯರು.

“ವೀರೇಂದ್ರನಾ? ಅಯ್ಯೋ ಪಾಪ ಕಣೇ ಭಾಗಿ, ಮೆಲ್ಬರ್ನ್‌ನಲ್ಲಿ ಕೇರ್ ಹೋಮ್ ಸೇರಿ ಮೂರು ವರ್ಷ ಆಯ್ತು. ಮರೆವು. ಎದ್ದು ಓಡಾಡೋ ಹಾಗಿಲ್ಲ. ಮಗ ಇಲ್ಲೇ ದಿ ಪಾಂಡ್ಸ್‌ನಲ್ಲಿ. ಸುದರ್ಶನ್ ಅಂತ, ಎಲೆಕ್ಟ್ರಿಷಿಯನ್. ಆದರೆ ಅವನ ಮುಂದೆ ಕುಸ್ತಿ ಸುದ್ದಿ ಎತ್ತಬೇಡ, ಉರಿದುಬೀಳ್ತಾನೆ.”

“ಯಾಕೆ ಅಂಕಲ್?”

“ಅವರಪ್ಪನನ್ನ ಅಣಕಿಸಿ ಏನೋ ಎಕ್ಸಿಬಿಷನ್ ಇಟ್ಟಿದಾರಂತಲ್ಲ, ನಿಂಗೆ ಗೊತ್ತಿಲ್ವಾ? ಪೊಲೀಸಿನೋಳು ನೀನು!”

ಬುಧವಾರ ಸಂಜೆ ಆರರ ಸುಮಾರಿಗೆ ಇಬ್ಬರೂ ದಿ ಪಾಂಡ್ಸ್‌ನ ಮನೆಯ ಬಾಗಿಲು ತಟ್ಟಿದರು. ಸುದರ್ಶನ್‌ಗೆ ನಲವತ್ತರ ಹತ್ತಿರ, ಕೆಲಸದ ಬಟ್ಟೆಯಲ್ಲೇ ಇದ್ದ; ಒಳಗೆ ಕರೆದು ಸೋಫಾದ ಮೇಲೆ ಕೂರಿಸಿದ. ಹಾಲ್‌ನಲ್ಲಿ ಸಿಕ್ಕ ಪಟ್ಟೆ, ಕೋಲು ಯಾವುದನ್ನೂ ಹೇಳದೆ ಭಾಗೀರಥಿ ಕೇಳಿದಳು.

“ಭಾನುವಾರ ಮಧ್ಯಾಹ್ನ ಎಲ್ಲಿದ್ರಿ?”

“ವರ್ಕ್. ಪೆನ್ರಿತ್ ಹತ್ರ ಎಮರ್ಜೆನ್ಸಿ ಕಾಲ್. ಬಾಸ್ ಹತ್ರ ಕೇಳಿ.”

“ಎಕ್ಸಿಬಿಷನ್ ನೋಡಿದ್ರಾ?”

“ಮೊದಲ ದಿನಾನೇ. ಆ ಬೋರ್ಡ್ ಓದಿ ವಾಪಸ್ ಬಂದೆ. ಕಂಪ್ಲೇಂಟ್ ಕೊಡೋಣ ಅಂದ್ರೆ ಯಾರಿಗೆ ಕೊಡ್ಲಿ? ನಿಮ್ಗಾ? ಬೋರ್ಡ್‌ನಲ್ಲಿ ಸುಳ್ಳು ಬರೆದ್ರೆ ಕೇಸ್ ಆಗತ್ತಾ? ಗದೆ ಹೋದ್ರೆ ಮಾತ್ರ ಮನೆ ಬಾಗಿಲಿಗೆ ಬರ್ತೀರ.”

ಭಾಗೀರಥಿ ಮುಂದಿನ ಪ್ರಶ್ನೆಗೆ ಹೋದಳು. “ಗದೆ ತಗೊಂಡಿದ್ದು ನೀವಾ?”

“ಐ ವಿಶ್! ನಾನಾಗಿದ್ರೆ ಬೂಟ್ ಹಾಕ್ಕೊಂಡೇ ರಿಂಗ್ ಹತ್ತಿ, ಆ ಬೆಲ್ಟ್ ಮೇಲೆ ಉಗಿದು ಬರ್ತಿದ್ದೆ.” ಅವನು ಎದ್ದು ನಿಂತ. “ನಿಮ್ಗೆ ಗೊತ್ತಾ, ನಮ್ಮಪ್ಪ ಈಗ ನರ್ಸ್‌ಗಳ ಹತ್ರ ಸಾರಿ ಕೇಳ್ತಾರೆ. ಊಟ ತಂದ್ರೂ ಸಾರಿ, ಬೆಡ್ ಚೇಂಜ್ ಮಾಡಿದ್ರೂ ಸಾರಿ. ‘ಇವತ್ತೂ ಸೋತೆ ಸಾರ್’ ಅಂತಾರೆ. ಮೈಸೂರು ಮರೆತುಹೋಗಿದೆ. ದಸರಾ ಮರೆತುಹೋಗಿದೆ. ಇವರು ಹೇಳಿ ಸೋಲಿಸಿದ್ದು ಮಾತ್ರ ನೆನಪಿದೆ, ನಿಜವಾಗಿ ಸೋತೆ ಅಂತಾನೇ ನಂಬಿದಾರೆ. ಡ್ರಾಮಾ ಅನ್ನೋದೇ ತಲೆಯಿಂದ ಹೋಗಿದೆ.”

ಓಲ್ವಿನ್ ಬರೆಯುವುದನ್ನು ನಿಲ್ಲಿಸಿದ.

ಬೂಟು ಹಾಕಿಕೊಂಡೇ ರಿಂಗ್ ಹತ್ತುತ್ತಿದ್ದೆ ಎಂಬ ಮಾತು ಭಾಗೀರಥಿಯ ತಲೆಯಲ್ಲಿ ಕೂತುಬಿಟ್ಟಿತು. ಸಿಟ್ಟಿದ್ದವನು ಹತ್ತುತ್ತಾನೆ. ಕಳ್ಳ ಹತ್ತುತ್ತಾನೆ. ಮೊಣಕಾಲು ಹೋದವನು ಕೂಡ ಕೋಲು ಹುಡುಕುವ ಮೊದಲು ಒಂದು ಸಲ ಹತ್ತಲು ನೋಡಿಯಾನು. ಅಂಚಿನಲ್ಲಿ ಒಂದು ಅಂಗೈ, ಒಂದು ಮೊಣಕಾಲು ಊರಿದ ಗುರುತಾದರೂ ಇರಬೇಕಿತ್ತು. ಹತ್ತಲೇಬಾರದು ಎಂದುಕೊಂಡವರು ಯಾರು?

ನಜರ್‌ಬಾದಿನ ಅಜ್ಜನ ಮನೆಯ ಬೀದಿಯಲ್ಲಿ ಒಂದು ಗರಡಿಮನೆ ಇತ್ತು. ಏಳೆಂಟು ವರ್ಷದವಳಿದ್ದಾಗ ಒಂದು ದಿನ ಅವಳ ಚೆಂಡು ಉರುಳಿ ಒಳಗೆ ಹೋಯಿತು. ಹಿಂದೆಯೇ ಹೊಸ್ತಿಲು ದಾಟಿದಳು. ಒಳಗೆ ಕೆಂಪು ಮಣ್ಣಿನ ಅಖಾಡ. ಅವರು ಅದನ್ನು ಮಟ್ಟಿ ಎನ್ನುತ್ತಿದ್ದರು. ‘ಏಯ್, ಹೆಣ್ಣು ಮಟ್ಟಿ ತುಳಿಯೋ ಹಾಗಿಲ್ಲ, ಆಚೆ ಹೋಗು!’ ಎಂದು ಕುಸ್ತಿ ಕಲಿಸುವ ಉಸ್ತಾದ್ ಕಿರುಚಿದ್ದು, ಆಮೇಲೆ ಅವಳು ನಿಂತಿದ್ದ ಜಾಗಕ್ಕೆ ನೀರು ಚಿಮುಕಿಸಿ ಊದುಬತ್ತಿ ಹಚ್ಚಿದ್ದು, ಅಜ್ಜ ಅವಳನ್ನೇ ಬೈದದ್ದು ನೆನಪಾಯಿತು. ಅಂದು ಅತ್ತಿದ್ದಳು. ಸಿಟ್ಟು ಈಗ ದಿ ಪಾಂಡ್ಸ್‌ನ ಈ ಸೋಫಾದ ಮೇಲೆ ಬಂತು. ಸಿಟ್ಟಿನ ಜೊತೆಗೇ ಉತ್ತರವೂ ಬಂತು.

“ನಿಮ್ಮ ತಾಯಿ ಎಲ್ಲಿದಾರೆ?”

“ಮೆಲ್ಬರ್ನ್‌ನಲ್ಲಿ, ಅಪ್ಪನ ಹತ್ರ” ಎಂದ ಸುದರ್ಶನ್.

“ಕಳೆದ ವಾರ ಇಲ್ಲಿಗೆ ಬಂದಿದ್ರಾ?”

“ಬಂದಿದ್ರು. ಭಾನುವಾರ ರಾತ್ರಿ ವಾಪಸ್ ಹೋದ್ರು.”

“ಫ್ಲೈಟ್‌ನಲ್ಲಾ?”

“ಪ್ರತಿ ಸಲ ಫ್ಲೈಟೇ. ಈ ಸಲ ಟ್ರೇನ್‌ನಲ್ಲೇ ಹೋಗ್ತೀನಿ ಅಂತ ಹಟ ಮಾಡಿದ್ರು. ನಾನು... ಏರ್‌ಪೋರ್ಟ್‌ನಲ್ಲಿ ಬ್ಯಾಗ್ ಚೆಕ್ ಮಾಡ್ತಾರೆ ಅನ್ನೋದು ನಂಗೆ ಹೊಳೀಲೇ ಇಲ್ಲ.”

ಠಾಣೆಗೆ ಹಿಂದಿರುಗಿ ಕ್ಯಾಮೆರಾದ ಚಿತ್ರಗಳನ್ನು ಮತ್ತೆ ಹಾಕಿದರು. ಭಾನುವಾರ ಮಧ್ಯಾಹ್ನ ಮೂರರ ನಂತರ, ಸೀರೆಯ ಮೇಲೆ ಬೂದು ಸ್ವೆಟರ್ ತೊಟ್ಟು, ತರಕಾರಿ ತರುವ ಗಾಲಿಯ ಕೈಚೀಲ ಎಳೆದುಕೊಂಡು ಹೆಂಗಸೊಬ್ಬಳು ಒಳಗೆ ಹೋಗಿದ್ದಳು. ಆ ಬಾಗಿಲಿನಿಂದ ಹೊರಗೆ ಬರಲೇ ಇಲ್ಲ.

“ಇವರನ್ನ ನಾನು ನೋಡಿದ್ದೆ ಮೇಡಮ್. ಯಾವುದೋ ಆಂಟಿ, ಅಂಗಡಿಗೆ ಬಂದವರು ಅಂತ ವಿಡಿಯೊ ಮುಂದಕ್ಕೆ ಓಡಿಸಿದೆ.”

“ನೀನು ಓಡಿಸಿದ್ದಲ್ಲ. ಬಿಡು ಅಂದಿದ್ದು ನಾನು.”

ಹೆಣ್ಣೆಂದು ತನ್ನನ್ನು ಹೊಸ್ತಿಲ ಆಚೆ ನಿಲ್ಲಿಸಿದ ಉಸ್ತಾದನ ಮೇಲೆ ಈಗಷ್ಟೇ ಸಿಟ್ಟಾದವಳು, ತಾನೂ ಅದೇ ಕೆಲಸವನ್ನು ಒಂದು ಮಾತಿನಲ್ಲಿ ಮುಗಿಸಿದ್ದಳು. ಅದನ್ನು ಅವಳು ಕೇಸ್ ಡೈರಿಯಲ್ಲಿ ‘ತನಿಖಾಧಿಕಾರಿಯ ಲೋಪ’ ಎಂದು ಹಾಗೆಯೇ ಬರೆದಳು.

ಮಾರ್ಚ್ ೧೩, ಗುರುವಾರ. ವಾರಂಟ್ ಹಿಡಿದು ಭಾಗೀರಥಿ, ಓಲ್ವಿನ್ ಮೆಲ್ಬರ್ನ್‌ಗೆ ಹೋದರು. ಅಲ್ಲಿನ ಠಾಣೆಯಿಂದ ಬ್ರಿಜಿಟ್ ಎಂಬ ಕಾನ್‌ಸ್ಟೇಬಲ್ ಜೊತೆಗೆ ಬಂದಳು. ಕೇರ್ ಹೋಮಿನ ಕೋಣೆಯಲ್ಲಿ ಕಿಟಕಿಯ ಪಕ್ಕ ಗಾಲಿಕುರ್ಚಿಯಲ್ಲಿ ವೀರೇಂದ್ರ ಕೂತಿದ್ದ. ಭುಜ ಇನ್ನೂ ಅಗಲವಿತ್ತು. ಅದರ ಮೇಲಿನ ಅಂಗಿ ಮಾತ್ರ ಸಡಿಲವಾಗಿತ್ತು. ತೊಡೆಯ ಮೇಲಿನ ಕಂಬಳಿಯ ಕೆಳಗೆ ಏನೋ ಉದ್ದಕ್ಕೆ ಮಲಗಿತ್ತು. ಅವನ ಹೆಂಡತಿ ನೀಲಕ್ಕ ಮೊಸರನ್ನ ತಿನ್ನಿಸುತ್ತಿದ್ದಳು.

ಸಮವಸ್ತ್ರ ಕಂಡೊಡನೆ ವೀರೇಂದ್ರ ತಲೆ ತಗ್ಗಿಸಿದ. “ಸಾರಿ ಸಾರ್. ಸೋತೆ.”

ನೀಲಕ್ಕ ಅವನ ಬಾಯಿ ಒರೆಸಿ, ಬಟ್ಟಲು ಪಕ್ಕಕ್ಕಿಟ್ಟು, ಬಂದವರನ್ನು ನೋಡಿದಳು. ಗಾಬರಿಯಾದಂತೆ ಕಾಣಲಿಲ್ಲ.

“ನಮ್ ಕಡೆಯೋಳೇನವ್ವ ನೀನು?”

“ಮೈಸೂರು, ಅಮ್ಮ. ನಜರ್‌ಬಾದು.”

“ಹಂಗಾದ್ರೆ ಗದೆ ಅಂದ್ರೆ ಏನು ಅಂತ ನಿಂಗೆ ನಾನು ಬಿಡಿಸಿ ಹೇಳ್ಬೇಕಾಗಿಲ್ಲ. ಕೂತ್ಕೊ. ಈ ಹುಡುಗ ಯಾರು, ಬೆಳ್ಳಗೆ ಬೆಪ್ಪಾಗಿ ನಿಂತವ್ನಲ್ಲ?”

“ಮಂಗಳೂರು, ಆಂಟಿ” ಎಂದ ಓಲ್ವಿನ್.

“ಮೀನು ತಿಂದ್ರೂ ಮೈ ಹತ್ತಿಲ್ವಲ್ಲೋ. ಕೂತ್ಕೊ.”

ಭಾಗೀರಥಿ ನಿಂತೇ ಹೇಳಿದಳು. “ನೀಲಕ್ಕನವರೇ, ನೀವು ಏನೂ ಹೇಳ್ಬೇಕಾಗಿಲ್ಲ. ಹೇಳಿದ್ದನ್ನ ನಾವು ಬರ್ಕೋತೀವಿ, ಕೋರ್ಟ್‌ನಲ್ಲಿ ನಿಮ್ಮ ವಿರುದ್ಧ ಬಳಸಬಹುದು. ಅರ್ಥ ಆಯ್ತಾ?”

“ಏನೂ ಹೇಳ್ದೆ ನಲವತ್ತು ವರ್ಷ ಇದ್ನಲ್ಲ, ಅದನ್ನ ಯಾವ ಕೋರ್ಟು ಬಳಸ್ಕೊಂಡ್ತು? ಬರ್ಕೊ.”

“ಭಾನುವಾರ ಟೂಂಗಾಬಿ ಹಾಲ್‌ಗೆ ಹೋಗಿದ್ರಾ?”

“ಹೋಗಿದ್ದೆ.”

“ಒಳಗೆ ಹೇಗೆ ಉಳ್ಕೊಂಡ್ರಿ?”

“ಕಕ್ಕಸಿನಲ್ಲಿ ಕೂತಿದ್ದೆ. ಬಾಗಿಲು ಹಾಕೋರು ಹೆಂಗಸರ ಕಡೆ ಇಣುಕಿ ಸಹ ನೋಡ್ಲಿಲ್ಲ.”

“ಗದೆ ಹೇಗೆ ತಗೊಂಡ್ರಿ?”

“ಕಿಟಕಿ ಕೋಲು ಇತ್ತು. ಕೊಕ್ಕೆ ಹಾಕಿ ಎಳ್ದೆ. ಆ ಬೆಲ್ಟು ಅಡ್ಡ ಬಂತು, ಆಚೆ ಬಿತ್ತು. ಅದು ನಂಗ್ಯಾಕೆ?”

“ರಿಂಗ್ ಹತ್ತಬಹುದಿತ್ತಲ್ಲ, ಅಮ್ಮ.”

ನೀಲಕ್ಕ ಅವಳನ್ನು ವಿಚಿತ್ರವಾಗಿ ನೋಡಿದಳು. “ನಾನು ಉಸ್ತಾದ್ ಮಗಳು ಕಣವ್ವ. ಅದು ಸುಳ್ಳು ಕುಸ್ತಿ, ಗೊತ್ತು. ಕೆಳಗೆ ಮಣ್ಣಿಲ್ಲ, ಹಲಗೆ, ಅದೂ ಗೊತ್ತು. ಆದ್ರೂ ಇವರು ದಿನಾ ಬರಿಗಾಲಲ್ಲಿ ನಿಂತು, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡ ಜಾಗ ಅದು. ಸೋಲೋಕೆ ಹೋದ್ರೂ ಒತ್ತಿಕೊಂಡೇ ಹೋಗೋರು. ನಾನು ತುಳಿಯೋಕಾಗುತ್ತಾ?”

“ಆ ಕಟ್ಟಳೆ ಸರಿ ಅಂತೀರಾ?” ತನಿಖೆಗೆ ಬೇಡದ ಪ್ರಶ್ನೆ ಬಾಯಿಂದ ಬಂದುಬಿಟ್ಟಿತು.

“ಸರಿಯೋ ತಪ್ಪೋ, ಆ ಸಿಟ್ಟು ನಿಂದು. ನಂಗೆ ಬೇರೆ ಸಿಟ್ಟು ಐತೆ, ಅದನ್ನ ಬರ್ಕೊ.”

ಹಾಗೆ ಬರೆದುಕೊಂಡ ಹೇಳಿಕೆಯ ತಿರುಳು ಇದು. ೧೯೮೬ರಲ್ಲಿ ಮೆಲ್ಬರ್ನ್‌ನ ಚಾಂಪಿಯನ್‌ಷಿಪ್ ಪಂದ್ಯ. ಎಂದಿನಂತೆ ವೀರೇಂದ್ರ ಸೋಲಬೇಕೆಂದು ಗೊತ್ತಾಗಿತ್ತು. ನಡುವೆ ಚಾಂಪಿಯನ್ ಕಾಲು ಜಾರಿ ಅಂಗಾತ ಬಿದ್ದ. ಎರಡೂ ಭುಜ ನೆಲ ಮುಟ್ಟಿ, ಮೇಲೆ ವೀರೇಂದ್ರ. ನಮ್ಮ ಲೆಕ್ಕದಲ್ಲಿ ಚಿತ್. ಜನ ಎದ್ದು ನಿಂತು ಎಣಿಸತೊಡಗಿದರು. ರೆಫರಿ ಬೇರೆ ಕಡೆ ನೋಡಿದ. ಹ್ಯಾರಿಸ್ ಕೆಳಗಿನಿಂದ ಬೆರಳು ತಿರುಗಿಸಿ ಸನ್ನೆ ಮಾಡಿದ. ವೀರೇಂದ್ರ, ಬಿದ್ದವನನ್ನು ತಬ್ಬಿಕೊಂಡು, ತಾನೇ ಉರುಳಿ ಕೆಳಗೆ ಬಂದು, ಅವನನ್ನು ಮೇಲೆ ಮಾಡಿಕೊಂಡ. ಹಾಗೆ ಉರುಳುವಾಗ ಮೊಣಕಾಲು ಹೋಯಿತು. ಮೂರು ತಿಂಗಳು ಹಾಸಿಗೆ. ಕಂಪನಿ ಕೆಲಸದಿಂದ ತೆಗೆಯಿತು. ‘ವೇಷದ ಸಾಮಾನು ಕಂಪನಿಯದು’ ಎಂದು ಪೇಟ, ಜರಿ ಮೇಲಂಗಿಯ ಜೊತೆ ಮೈಸೂರಿನ ಗದೆಯನ್ನೂ ಇಟ್ಟುಕೊಂಡಿತು. ಟ್ಯಾಕ್ಸಿ ಆಮೇಲಿನದು.

“ಕೇಳೋಕೆ ಹೋಗ್ಲಿಲ್ವಾ?”

“ನಾಲ್ಕು ಸಲ ಹೋದ್ರು. ‘ಯಾವ ಗದೆ’ ಅಂದ. ಆಮೇಲೆ ಇವರೇ ‘ಬಿಡು ನೀಲಾ, ಗೆದ್ದಿದ್ದು ನಂಗೆ ಗೊತ್ತಲ್ಲ, ಸಾಕು’ ಅಂದ್ರು. ಗೊತ್ತಿರೋ ತನಕ ನಾನೂ ಸುಮ್ನಿದ್ದೆ.” ಅವಳು ಗಂಡನ ಕಡೆ ತಿರುಗಿದಳು. “ಈಗ ಇವರಿಗೇ ಗೊತ್ತಿಲ್ಲ. ನಾನು ಬಾಯಲ್ಲಿ ಎಷ್ಟು ಹೇಳಿದ್ರೂ ‘ಸುಮ್ನೆ ಸಮಾಧಾನಕ್ಕೆ ಹೇಳ್ತೀಯ’ ಅಂತಾರೆ. ಕೈಗೆ ಕೊಟ್ರೆ ನಂಬ್ತಾರೇನೋ ಅಂತ. ಸೋತವನ ಹಂಗೆ ಸಾಯಬಾರದು ಕಣವ್ವ ಇವರು.”

ಬ್ರಿಜಿಟ್‌ಗೆ ಭಾಷೆ ತಿಳಿಯಲಿಲ್ಲ. ಆದರೂ ಅವಳು ಬಾಗಿಲ ಕಡೆ ಮುಖ ಮಾಡಿ ನಿಂತಳು.

ಕಾನೂನಿನ ಪ್ರಕಾರ ಮುಂದಿನ ಕೆಲಸ ಒಂದೇ, ಬಂಧನ. ದೂರುದಾರ ದೂರು ಹಿಂತೆಗೆದರೆ ದಾರಿ ಇದೆಯೇ ಎಂದು ಭಾಗೀರಥಿ ಹೊರಗೆ ಹೋಗಿ ಹ್ಯಾರಿಸ್‌ಗೆ ಫೋನ್ ಮಾಡಿದಳು. ಎಲ್ಲವನ್ನೂ ಹೇಳಿದಳು. ಅವನು, “ಅಯ್ಯೋ ಪಾಪ. ಒಳ್ಳೆಯ ಮನುಷ್ಯ. ಶನಿವಾರದ ಹೊತ್ತಿಗೆ ಗದೆ ಸಿಗುತ್ತದಲ್ಲ?” ಎಂದ. ದೂರು ಹಿಂತೆಗೆಯಲಿಲ್ಲ.

ಭಾಗೀರಥಿ ಒಳಗೆ ಬಂದು ಗಾಲಿಕುರ್ಚಿಯ ಮುಂದೆ ಮಂಡಿಯೂರಿ ಕೂತಳು. ಕಂಬಳಿ ಸರಿಸಿದಳು. ಬೆಳ್ಳಿಯ ಮೇಲೆ ವೀರೇಂದ್ರನ ಎರಡೂ ಕೈಗಳಿದ್ದವು.

“ಪೈಲ್ವಾನ್ರೇ, ಇದನ್ನ ನಾನು ತಗೊಂಡು ಹೋ... ಸ್ವಲ್ಪ ದಿನಕ್ಕೆ ತಗೊಂಡು ಹೋಗ್ಬೇಕು.”

ಅವನು ಅವಳನ್ನು ನೋಡಿದ. ಅವಳ ಸೊಂಟದ ಬ್ಯಾಡ್ಜನ್ನು ನೋಡಿದ. ಕಂಪನಿಯವರು ಬಂದಿದ್ದಾರೆ ಎಂದುಕೊಂಡನೋ ಏನೋ. ಗೋಗರೆಯಲಿಲ್ಲ, ಬಿಗಿಯಾಗಿ ಹಿಡಿಯಲಿಲ್ಲ. ಗದೆಯನ್ನು ಎರಡೂ ಕೈಯಲ್ಲಿ ಎತ್ತಿ, ಅವಳ ಕಡೆ ಚಾಚಿ, ಮೆಲ್ಲಗೆ ಕೇಳಿದ:

“ಇವತ್ತೂ ನಾನೇ ಸೋಲ್ಬೇಕಾ ಸಾರ್?”

ಓಲ್ವಿನ್ ಕೋಣೆಯಿಂದ ಹೊರಗೆ ಹೋದ. ನೀಲಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಭಾಗೀರಥಿ ಗದೆಯನ್ನು ತೆಗೆದುಕೊಂಡಳು. ತೆಗೆದುಕೊಳ್ಳಬೇಕಿತ್ತು, ತೆಗೆದುಕೊಂಡಳು.

ಬೆಳಿಗ್ಗೆ ಹನ್ನೊಂದೂ ಮುಕ್ಕಾಲಿಗೆ ನೀಲಕ್ಕನ ಬಂಧನವಾಯಿತು. ಅವಳ ಹೇಳಿಕೆಯ ಕೊನೆಗೆ ‘ಮಾಡಿದ್ದಕ್ಕೆ ವಿಷಾದವಿದೆಯೇ’ ಎಂದು ಕೇಳಿದಾಗ, “ವಿಷಾದ ಹ್ಯಾರಿಸ್‌ನ ಕೇಳಿ” ಎಂದಳು. ಅದನ್ನೂ ಬರೆದುಕೊಂಡರು. ಸಂಜೆಯೊಳಗೆ ಮ್ಯಾಜಿಸ್ಟ್ರೇಟ್ ಜಾಮೀನು ಕೊಟ್ಟರು; ರಾತ್ರಿಯ ಊಟಕ್ಕೆ ಅವಳು ಗಂಡನ ಪಕ್ಕದಲ್ಲಿದ್ದಳು.

ಸಿಡ್ನಿಗೆ ಹಿಂದಿರುಗಿ ವಶಪಡಿಸಿಕೊಂಡ ವಸ್ತುವಿನ ವಿವರ ತುಂಬುವಾಗ, ದೂರಿನಲ್ಲಿದ್ದ ‘ಮಹಾರಾಜಾ ಟೈಗರನ ಗದೆ’ ಎಂಬ ಮಾತನ್ನು ಭಾಗೀರಥಿ ಬಳಸಲಿಲ್ಲ. ಗದೆಯ ಮೇಲಿದ್ದ ಅಕ್ಷರಗಳನ್ನು ಕನ್ನಡದಲ್ಲಿ ಇದ್ದಂತೆಯೇ ಬರೆದು, ಕೆಳಗೆ ಇಂಗ್ಲಿಷಿನಲ್ಲಿ ಅರ್ಥ ಬರೆದಳು. ಕೋರ್ಟಿನ ಕಡತದಲ್ಲಿ ಅವನು ಗೆದ್ದವನಾಗಿಯೇ ಇರುತ್ತಾನೆ.

ಶುಕ್ರವಾರ ಹ್ಯಾರಿಸ್ ಠಾಣೆಗೆ ಬಂದು ಗದೆ ಕೇಳಿದ. ಮೊಕದ್ದಮೆ ಮುಗಿಯುವ ತನಕ ಸಾಕ್ಷ್ಯದ ವಸ್ತುವನ್ನು ಬಿಡುವಂತಿಲ್ಲ ಎಂದು ಓಲ್ವಿನ್ ತುಂಬ ವಿನಯದಿಂದ ತಿಳಿಸಿದ. ಹ್ಯಾರಿಸ್ ಕೂಗಾಡಿ ಹೋದ ಮೇಲೆ, “ಕಾನೂನು ಅಂದ್ರೆ ಕಾನೂನು ಅಲ್ವಾ ಮೇಡಮ್?” ಎಂದ. ಶನಿವಾರದ ಶೋ ಪ್ಲಾಸ್ಟಿಕ್ಕಿನ ಗದೆಯೊಂದಿಗೆ ನಡೆಯಿತು. ಜನ ನಕ್ಕರಂತೆ. ಹಲಗೆಯನ್ನು ಯಾರೂ ತೆಗೆಸಲಿಲ್ಲ. ಸುಳ್ಳು ಹಲಗೆ ಬರೆಯುವುದು ಈ ದೇಶದಲ್ಲೂ ಅಪರಾಧವಲ್ಲ.

ಇಷ್ಟು ತಿಳಿದದ್ದು. ನೀಲಕ್ಕ ಕದ್ದದ್ದು ಯಾಕೆಂಬುದರಲ್ಲಿ ಯಾರಿಗೂ ಅನುಮಾನವಿಲ್ಲ: ಗಂಡ ತನ್ನ ಗೆಲುವನ್ನು ಒಂದು ಸಲ ಕೈಯಲ್ಲಿ ಹಿಡಿಯಲಿ ಎಂದು. ಸೋಮವಾರದಿಂದ ಗುರುವಾರದವರೆಗೆ ಅವನು ಹಿಡಿದೇ ಇದ್ದ. ಒಂದು ಸಂಜೆ ಅಕ್ಷರಗಳ ಮೇಲೆ ಹೆಬ್ಬೆರಳು ಆಡಿಸಿ ಬೆನ್ನು ನೆಟ್ಟಗೆ ಮಾಡಿ ಕೂತರು ಎಂದು ನೀಲಕ್ಕ ಹೇಳುತ್ತಾಳೆ. ಆ ಹೊತ್ತಿನಲ್ಲಿ ಕೋಣೆಯಲ್ಲಿದ್ದ ನರ್ಸ್‌ಗೆ ಅಂಥದ್ದೇನೂ ಕಂಡ ನೆನಪಿಲ್ಲ. ಅವನಿಗೆ ದಸರಾ ನೆನಪಾಯಿತೇ, ತಾನು ಗೆದ್ದವನೆಂದು ಒಂದು ಗಳಿಗೆಯಾದರೂ ತಿಳಿಯಿತೇ ಎಂದು ಭಾಗೀರಥಿ ಅಂದು ಕೇಳಲಿಲ್ಲ. ಈಗ ಕೇಳಿದರೆ ಅವನು ಕ್ಷಮೆ ಕೇಳುತ್ತಾನೆ, ಅಷ್ಟೇ. ಗೆದ್ದದ್ದು ಅವನಿಗೆ ತಿಳಿಯಿತೋ ಇಲ್ಲವೋ, ಅದು ಯಾರಿಗೂ ಗೊತ್ತಿಲ್ಲ.